ಸ್ಕೆಲ್ಲಿಗ್‌ಗೆ ಟಿಕೆಟ್ ಇದ್ದರೆ ಸಾಲದು, ಕಡಲೂ ಒಪ್ಪಬೇಕು

ಮಾನ್ಯ ಸಂಪಾದಕರೇ,

ಐರ್ಲೆಂಡಿನ ಸ್ಕೆಲ್ಲಿಗ್ ಮೈಕಲ್ ದ್ವೀಪದ ಚಿತ್ರಗಳು ಪ್ರವಾಸ ಪುರವಣಿಗಳಲ್ಲಿ ಆಗಾಗ ಕಾಣುತ್ತವೆ. ಕಡಲಿನಿಂದ ನೆಟ್ಟಗೆ ಎದ್ದ ಬಂಡೆ, ಬಣ್ಣದ ಕೊಕ್ಕಿನ ಪಫಿನ್ ಹಕ್ಕಿ, ಜೇನುಗೂಡಿನ ಆಕಾರದ ಕಲ್ಲಿನ ಗುಡಿಸಲು. ಚಿತ್ರದ ಕೆಳಗೆ ಬರೆಯದೆ ಬಿಟ್ಟ ಸಂಗತಿಗಳೇ ಅಲ್ಲಿಗೆ ಹೊರಡುವವರಿಗೆ ಮುಖ್ಯ. ರಜೆ, ವೀಸಾ, ಟಿಕೆಟ್ ಎಲ್ಲ ಹೊಂದಿಸಿಕೊಂಡು ಬೆಂಗಳೂರಿನಿಂದ ಬಂದವರು ದೋಣಿ ಹೊರಡದೆ ದಡದಲ್ಲೇ ಉಳಿಯಬಾರದು, ಹೊರಟವರು ಕಾಲು ಜಾರಿ ಬೀಳಬಾರದು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇವೆ.

ಮೊದಲು ವೀಸಾ ವಿಷಯ. ಯೂರೋಪಿನ ಹಲವು ದೇಶಗಳು ಒಂದೇ ವೀಸಾ ಒಪ್ಪುವ ಶೆಂಗೆನ್ ಒಕ್ಕೂಟದಲ್ಲಿ ಐರ್ಲೆಂಡ್ ಇಲ್ಲ. ಫ್ರಾನ್ಸ್, ಇಟಲಿಗೆಂದು ಪಡೆದ ವೀಸಾ ಇಲ್ಲಿ ನಡೆಯದು. ಬ್ರಿಟನ್ನಿನ ವೀಸಾ ಇದ್ದರೂ ಎರಡೂ ದೇಶಗಳಿಗೆ ಸಲ್ಲುವ ಜಂಟಿ ಯೋಜನೆಯ ಮುದ್ರೆ ಅದರ ಮೇಲೆ ಇರಲೇಬೇಕು. ಇಲ್ಲದಿದ್ದರೆ ಐರ್ಲೆಂಡಿಗೆ ಪ್ರತ್ಯೇಕ ಅರ್ಜಿ ಹಾಕಬೇಕು.

ಕೆರ್ರಿ ಜಿಲ್ಲೆಯ ಪೋರ್ಟ್‌ಮಗೀ ಎಂಬ ಸಣ್ಣ ಮೀನುಗಾರರ ಊರಿನಿಂದ ದೋಣಿಗಳು ಹೊರಡುತ್ತವೆ. ದ್ವೀಪ ದಡದಿಂದ ಸುಮಾರು 12 ಕಿ.ಮೀ. ದೂರದಲ್ಲಿದೆ, ಹೆಚ್ಚುಕಡಿಮೆ ಒಂದು ಗಂಟೆಯ ಪಯಣ. ಇಳಿಯಲು ಬಿಡುವುದು ಮೇ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ. ಪರವಾನಗಿ ಇರುವುದು 15 ದೋಣಿಗಳಿಗೆ, ಒಂದರಲ್ಲಿ 12 ಜನ. ಅಂದರೆ ದಿನಕ್ಕೆ 180 ಜನರಷ್ಟೇ. ಒಬ್ಬರಿಗೆ 100 ಯೂರೋಗಿಂತ ಹೆಚ್ಚು ಬೀಳುತ್ತದೆ, ಆದರೂ ಸೀಟುಗಳು ತಿಂಗಳುಗಳ ಮುಂಚೆಯೇ ಮುಗಿದುಹೋಗುತ್ತವೆ. ಬೆಳಿಗ್ಗೆಯೇ ಹೊರಡುವ ದೋಣಿಗೆ ಡಬ್ಲಿನ್ನಿನಿಂದ ಅದೇ ದಿನ ಕಾರಿನಲ್ಲಿ ಬರುವ ಯೋಚನೆ ಬೇಡ. ಹಿಂದಿನ ರಾತ್ರಿ ಪೋರ್ಟ್‌ಮಗೀಯಲ್ಲೋ ಸೇತುವೆಯಾಚೆಯ ವ್ಯಾಲೆನ್ಶಿಯಾ ದ್ವೀಪದಲ್ಲೋ ಉಳಿದುಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೂ ಬೆಳಿಗ್ಗೆ ದೋಣಿಯವರು ‘ಇವತ್ತಿಲ್ಲ’ ಅನ್ನಬಹುದು. ಬಿಸಿಲು ಚೆನ್ನಾಗಿಯೇ ಇರುತ್ತದೆ, ಗಾಳಿಯೂ ಇರುವುದಿಲ್ಲ, ಮತ್ತೇಕೆ ಇಲ್ಲ ಎಂದು ಕೆಲವರು ಜಗಳಕ್ಕೇ ನಿಲ್ಲುತ್ತಾರೆ. ಮಲ್ಪೆ, ಹೊನ್ನಾವರದ ಮೀನುಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲೋ ದೂರದ ಅಟ್ಲಾಂಟಿಕ್‌ನಲ್ಲಿ ಬಿರುಗಾಳಿ ಎದ್ದು ಅಡಗಿದ ಮೇಲೂ ಅದರ ಉಬ್ಬಲೆ ಒಂದೆರಡು ದಿನ ಬಂಡೆಗೆ ಬಂದು ಬಡಿಯುತ್ತಲೇ ಇರುತ್ತದೆ. ದ್ವೀಪದ ಇಳಿದಾಣ ಬಂಡೆಯ ಸಂದಿನಲ್ಲಿರುವ ಒಂದು ಕಿರಿದಾದ ಕಟ್ಟೆ. ದೋಣಿ ಅಲ್ಲಿ ಲಂಗರು ಹಾಕಿ ನಿಲ್ಲುವುದಿಲ್ಲ. ಅಲೆಯೊಂದಿಗೆ ಮೇಲೇರಿ ಕಟ್ಟೆಯ ಮಟ್ಟಕ್ಕೆ ಬಂದ ಆ ಗಳಿಗೆಯಲ್ಲಿ ದಾಟಿಬಿಡಬೇಕು. ಉಬ್ಬಲೆ ದೊಡ್ಡದಿದ್ದರೆ ದೋಣಿಗೂ ಕಟ್ಟೆಗೂ ನಡುವೆ ಕಾಲು ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಆ ಊರಿಗೆ ಒಂದೇ ದಿನ ಇಟ್ಟುಕೊಂಡು ಬರಬೇಡಿ, ಕನಿಷ್ಠ ಮೂರು ದಿನವಿರಲಿ. ಟಿಕೆಟ್ ಮೊದಲನೆಯ ದಿನಕ್ಕಿರಲಿ. ಅಂದು ರದ್ದಾದರೆ ಮುಂದಿನೆರಡು ದಿನ ಯಾರಾದರೂ ಬಿಟ್ಟುಕೊಟ್ಟ ಸೀಟು ಸಿಕ್ಕೀತು.

ದೋಣಿಗಳು ಸಣ್ಣವು, ಹೊಟ್ಟೆ ತೊಳಸುವುದು ಸಾಮಾನ್ಯ. ವಾಂತಿ ತಡೆಯುವ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲೇ ನುಂಗಬೇಕು, ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಖಾಲಿ ಹೊಟ್ಟೆ ಬೇಡ, ಕರಿದ ತಿಂಡಿಯೂ ಬೇಡ. ಕುಲುಕಾಟ ಕಡಿಮೆ ಇರುವ ಹಿಂಭಾಗದಲ್ಲಿ ಕುಳಿತು, ಫೋನು ಒಳಗಿಟ್ಟು, ಕಣ್ಣನ್ನು ದಿಗಂತದ ಮೇಲಿಡಿ. ದ್ವೀಪದಲ್ಲಿ ಶೌಚಾಲಯವಿಲ್ಲ, ಕುಡಿಯುವ ನೀರಿಲ್ಲ, ಅಂಗಡಿಯಿಲ್ಲ, ಮಳೆ ಬಂದರೆ ನಿಲ್ಲಲು ಸೂರಿಲ್ಲ. ಹೋಗಿ ಬರುವುದಕ್ಕೆ ಐದು ಗಂಟೆಯಾದರೂ ಬೇಕು. ಸಕ್ಕರೆ ಕಾಯಿಲೆಯವರು, ಹಿರಿಯರು ಇದನ್ನು ಯೋಚಿಸಿಯೇ ನಿರ್ಧರಿಸಲಿ.

ಇಳಿದ ಮೇಲೆ ಮೊದಲು ಸಿಗುವುದು 1820ರ ದಶಕದಲ್ಲಿ ದೀಪಸ್ತಂಭಗಳಿಗಾಗಿ ಬಂಡೆ ಸಿಡಿಸಿ ಮಾಡಿದ ದಾರಿ. ಅದು ಸಲೀಸು. ಆಮೇಲೆ ಮೇಲಿನ ಹಳೆಯ ಕ್ರೈಸ್ತ ಮಠದವರೆಗೆ 600ಕ್ಕೂ ಹೆಚ್ಚು ಮೆಟ್ಟಿಲು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲೂ ಸರಿಸುಮಾರು ಅಷ್ಟೇ ಅಲ್ಲವೇ ಎಂದು ಧೈರ್ಯ ತಂದುಕೊಳ್ಳುವವರಿದ್ದಾರೆ. ಲೆಕ್ಕ ಸರಿ, ಹೋಲಿಕೆ ಸರಿಯಲ್ಲ. ಇಲ್ಲಿ ದಾರಿಯುದ್ದಕ್ಕೂ ಹಿಡಿದು ನಡೆಯುವ ಕಂಬಿಯಿಲ್ಲ. ಸಾವಿರ ವರ್ಷಕ್ಕೂ ಹಳೆಯ ಬಿಡಿ ಕಲ್ಲುಚಪ್ಪಡಿಗಳು, ಒಂದು ಗೇಣೆತ್ತರ, ಇನ್ನೊಂದು ಮೊಳದ ಹತ್ತಿರ. ಕೆಲವು ಹೊರಕ್ಕೆ ವಾಲಿವೆ. ಪಕ್ಕದಲ್ಲಿ ನೇರ ಕಡಲು. 2009ರಲ್ಲಿ ಒಂದೇ ವರ್ಷದಲ್ಲಿ ಇಬ್ಬರು ಪ್ರವಾಸಿಗರು ಇಲ್ಲಿ ಬಿದ್ದು ಸತ್ತರು.

ಹತ್ತುವಾಗ ದಮ್ಮು ಕಟ್ಟುತ್ತದೆ ಅಷ್ಟೆ. ಅಪಾಯವಿರುವುದು ಇಳಿಯುವಾಗ: ಮೊಣಕಾಲು ಸೋತಿರುತ್ತದೆ, ಕಣ್ಣಿಗೆ ಬರೀ ನೀರು ಕಾಣುತ್ತದೆ. ತಲೆ ಸುತ್ತಿದಂತಾದರೆ ನಾಚಿಕೆ ಬಿಟ್ಟು ಕುಳಿತುಕೊಂಡೇ ಒಂದೊಂದು ಮೆಟ್ಟಿಲು ಇಳಿಯಿರಿ. ಎದುರಿನಿಂದ ಬರುವವರಿಗೆ ದಾರಿ ಬಿಡುವಾಗ ಯಾವಾಗಲೂ ಗುಡ್ಡದ ಬದಿಗೇ ಒತ್ತಿ ನಿಲ್ಲಿ. ಫೋಟೊ ತೆಗೆಯಬೇಕಿದ್ದರೆ ಮೊದಲು ನಿಲ್ಲಿ, ಆಮೇಲೆ ಫೋನು ತೆಗೆಯಿರಿ. ಹಿಮ್ಮಡಿಯ ಗಂಟು ಮುಚ್ಚುವ, ತಳ ಸವೆಯದ ಬೂಟು ಬೇಕು. ಎರಡೂ ಕೈ ಖಾಲಿಯಿರುವಂತೆ ಬೆನ್ನಚೀಲ ಹಾಕಿಕೊಳ್ಳಿ. ಗಾಳಿಗೆ ಛತ್ರಿ ನಿಲ್ಲುವುದಿಲ್ಲ, ನಿಮ್ಮನ್ನೂ ಎಳೆಯುತ್ತದೆ, ಮಳೆಕೋಟೇ ಸರಿ. ಜೀನ್ಸ್ ನೆನೆದರೆ ದಿನವಿಡೀ ಒಣಗದು. ತಲೆಗೊಂದು ಒಂದೂವರೆ ಲೀಟರ್ ನೀರು, ಪುಡಿ ಉದುರದ ಬುತ್ತಿ ಇರಲಿ. ಕಸವನ್ನು ಚೀಲದಲ್ಲೇ ವಾಪಸು ತನ್ನಿ.

ದ್ವೀಪದಲ್ಲಿ ಸಿಗುವ ಸಮಯ ಸುಮಾರು ಎರಡೂವರೆ ಗಂಟೆ. ಅದರಲ್ಲಿ ಹತ್ತಿ ಇಳಿಯುವುದೂ ಸೇರಿದೆ. ಬುಡದಲ್ಲಿ ಹಕ್ಕಿಗಳ ಫೋಟೊಕ್ಕೇ ಅರ್ಧ ಗಂಟೆ ಕಳೆದವರು ಮೇಲಿನ ಮಠವನ್ನು ಅವಸರದಲ್ಲಿ ನೋಡಿ ಬರುವಂತಾಗುತ್ತದೆ. ಅದು ನಿಜಕ್ಕೂ ನಷ್ಟ, ಏಕೆಂದರೆ ಆ ಕಟ್ಟಡಗಳನ್ನು ನಿಧಾನವಾಗಿ ನೋಡಬೇಕು. 6ರಿಂದ 8ನೇ ಶತಮಾನದ ನಡುವೆ ಕ್ರೈಸ್ತ ಸನ್ಯಾಸಿಗಳು ಕಡಲಿನಿಂದ ಸುಮಾರು 180 ಮೀಟರ್ ಎತ್ತರದಲ್ಲಿ ಕಲ್ಲುಕಟ್ಟೆ ಕಟ್ಟಿ, ನೆಲ ಸಮ ಮಾಡಿ ಈ ಮಠವನ್ನು ನಿಲ್ಲಿಸಿದರು. ಆರು ಗುಡಿಸಲು, ಎರಡು ಪ್ರಾರ್ಥನಾ ಕೋಣೆ, ಮಳೆನೀರು ಹಿಡಿಯುವ ತೊಟ್ಟಿಗಳು ಇಂದಿಗೂ ಇವೆ. ಗುಡಿಸಲುಗಳಿಗೆ ಗಾರೆಯಿಲ್ಲ. ನಮ್ಮ ಹೊಯ್ಸಳ ಗುಡಿಗಳ ಭುವನೇಶ್ವರಿ ಎಂಬ ಕೆತ್ತನೆಯ ಚಾವಣಿಗಳಲ್ಲಿ ಕಲ್ಲಿನ ಸುತ್ತುಗಳು ಒಂದರ ಮೇಲೊಂದು ಒಳಕ್ಕೆ ಚಾಚಿಕೊಂಡು ಮೇಲೆ ಕೂಡುತ್ತವಲ್ಲ, ತತ್ತ್ವ ಅದೇ. ಇಲ್ಲಿ ಕೆತ್ತನೆಯಿಲ್ಲ, ಪದರಪದರವಾಗಿ ಸೀಳುವ ಮರಳುಗಲ್ಲು ಮಾತ್ರ. ಹೊರಗಿನಿಂದ ಗುಂಡಗೆ ಕಾಣುವ ಗುಡಿಸಲು ಒಳಗೆ ಚೌಕಾಕಾರವಾಗಿದೆ. ತೂಕವೇ ಅದನ್ನು ಹಿಡಿದು ನಿಲ್ಲಿಸಿರುವುದರಿಂದ ಗೋಡೆಗೆ ಒರಗುವುದು, ಚಾಚಿದ ಕಲ್ಲಿನ ಮೇಲೆ ಕಾಲಿಡುವುದು ಕೂಡದು. 1996ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಅಲ್ಲಿರುವ ಸರ್ಕಾರಿ ಮಾರ್ಗದರ್ಶಕರ ವಿವರಣೆಗೆ ಬೇರೆ ದುಡ್ಡು ಕೊಡಬೇಕಿಲ್ಲ, ದಯವಿಟ್ಟು ಪೂರ್ತಿ ಕೇಳಿ.

ಆ ಗೋಡೆಗಳ ಸಂದುಗಳಲ್ಲೇ ಸ್ಟಾರ್ಮ್ ಪೆಟ್ರೆಲ್ ಎಂಬ ಪುಟ್ಟ ಕಡಲಹಕ್ಕಿ ಗೂಡು ಮಾಡುತ್ತದೆ. ಅದು ಗೂಡಿಗೆ ಬಂದು ಹೋಗುವುದು ರಾತ್ರಿ, ಹಗಲಿನ ಪ್ರವಾಸಿಗರಿಗೆ ಕಾಣುವುದಿಲ್ಲ. ಕಾಣದ್ದರಿಂದಲೇ ಜನ ಕಲ್ಲು ಅಲುಗಿಸುತ್ತಾರೆ. ಪಫಿನ್‌ಗಳು ಮಣ್ಣಿನ ಬಿಲದಲ್ಲಿ ಒಂದೇ ಮೊಟ್ಟೆಯಿಡುತ್ತವೆ. ದಾರಿ ಬಿಟ್ಟು ಹುಲ್ಲಿನ ಮೇಲೆ ಕಾಲಿಟ್ಟರೆ ಬಿಲ ಕುಸಿದು ಆ ವರ್ಷದ ಮರಿ ಹೋದಂತೆಯೇ. ಪಫಿನ್ ನೋಡಬೇಕೆಂದರೆ ಜೂನ್, ಜುಲೈ ಒಳ್ಳೆಯದು, ಆಗಸ್ಟ್ ಮೊದಲ ದಿನಗಳಲ್ಲಿ ಅವು ಕಡಲಿಗೆ ಹೊರಟುಬಿಡುತ್ತವೆ. ಆಗಸ್ಟ್ 15ರ ಟಿಕೆಟ್ ಹಿಡಿದು ಪಫಿನ್ ಹುಡುಕಿದರೆ ಸಿಗದು. ಪಕ್ಕದ ಪುಟ್ಟ ಸ್ಕೆಲ್ಲಿಗ್‌ನಲ್ಲಿ ಯಾರೂ ಇಳಿಯುವಂತಿಲ್ಲ. ಅಲ್ಲಿ ಹತ್ತಾರು ಸಾವಿರ ಗ್ಯಾನೆಟ್ ಎಂಬ ಬಿಳಿ ಕಡಲಹಕ್ಕಿಗಳು ಗೂಡು ಕಟ್ಟಿ ಬಂಡೆಯೇ ಬೆಳ್ಳಗೆ ಕಾಣುತ್ತದೆ.

ಹತ್ತಲಾಗದವರಿಗೆ, ಚಿಕ್ಕ ಮಕ್ಕಳಿರುವವರಿಗೆ ದ್ವೀಪವನ್ನು ಸುತ್ತಿಸಿ ತರುವ ದೋಣಿಗಳಿವೆ. ಖರ್ಚು ಸುಮಾರು ಅರ್ಧ, ಹಕ್ಕಿಗಳು ಹತ್ತಿರದಿಂದಲೇ ಕಾಣುತ್ತವೆ. ಅದೂ ಬೇಡವಾದರೆ ವ್ಯಾಲೆನ್ಶಿಯಾದ ಬ್ರೇ ಹೆಡ್ ಭೂಶಿರಕ್ಕೆ ನಡೆದು ಹೋಗಿ. ಪಾಳುಬಿದ್ದ ಕಾವಲು ಗೋಪುರದ ಬಳಿ ನಿಂತರೆ ಎರಡೂ ಸ್ಕೆಲ್ಲಿಗ್‌ಗಳು ಎದುರಿಗೇ ಇರುತ್ತವೆ.

ಪ್ರವಾಸ ಲೇಖನಗಳ ಜೊತೆಗೆ ಇಂಥ ವಿವರಗಳದ್ದೊಂದು ಚೌಕಟ್ಟನ್ನು ಪತ್ರಿಕೆ ಪ್ರಕಟಿಸಬೇಕೆಂದು ನಮ್ಮ ವಿನಂತಿ. ಅದು ಜನವರಿಯಲ್ಲೇ ಬರಲಿ. ಏಪ್ರಿಲ್‌ನಲ್ಲಿ ಓದಿದವರಿಗೆ ಜೂನ್ ತಿಂಗಳ ಸೀಟು ಸಿಗುವುದು ಕಷ್ಟ.

– ಐರ್ಲೆಂಡಿನಲ್ಲಿ ನೆಲೆಸಿರುವ ಕೆಲವು ಕನ್ನಡಿಗರು, ಕೆರ್ರಿ