ಅಪ್ಪನವರಿಗೆ, ಲೀಡ್ಸ್‌ನಿಂದ

ತೀರ್ಥರೂಪು ಅಪ್ಪನವರಿಗೆ ವಸುಧಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಕ್ಷೇಮ, ತಮ್ಮೆಲ್ಲರ ಕ್ಷೇಮಕ್ಕೆ ಬರೆಯಿಸುವುದು.

ಅಮ್ಮನ ಕಾಗದ ತಲುಪಿತು. ತಮ್ಮ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಸ, ಏರಿದೆಯೆಂದೂ, ಅಲ್ಯೂಮಿನಿಯಂನಿಂದ ಮೂತ್ರಪಿಂಡ ಕೆಡುತ್ತದೆಂದು ಯಾರೋ ಹೇಳಿದ್ದಕ್ಕೆ ಹಳೆಯ ಪಾತ್ರೆಗಳೆಲ್ಲ ಅಟ್ಟ ಸೇರಿದವೆಂದೂ ತಿಳಿಯಿತು. ಪಾತ್ರೆಯ ವಿಷಯ ಅಷ್ಟು ದೊಡ್ಡದಲ್ಲ. ಹುಳಿ, ಸಾರು, ಗೊಜ್ಜುಗಳನ್ನು ಸ್ಟೀಲಿನಲ್ಲಿ ಮಾಡಿದರೆ ಸಾಕು. ತಾವು ಎದೆಯುರಿಗೆಂದು ದಿನವೂ ಊಟದ ಮೇಲೆ ಆಂಟಾಸಿಡ್ ಕುಡಿದು, ಬಾಯಿ ರುಚಿಗೆ ನಿಂಬೆಹಣ್ಣಿನ ಪಾನಕ ಸೇವಿಸುತ್ತೀರೆಂದು ಬರೆದಿರುವುದೇ ನನ್ನನ್ನು ಕಾಡುತ್ತಿದೆ. ಬಾಟಲಿಯ ಮೇಲೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಎಂದಿದ್ದರೆ, ದಯವಿಟ್ಟು ಮೂತ್ರಪಿಂಡದ ವೈದ್ಯರನ್ನು ಕೇಳುವವರೆಗೆ ಅದನ್ನು ಮುಟ್ಟಬೇಡಿ.

ಚಿಕ್ಕಪ್ಪ "ಇಲಿ ಕೊಯ್ಯುವ ಕೆಲಸ" ಎಂದು ನಗುವ ಈ ಪ್ರಯೋಗಾಲಯದಲ್ಲಿ, ಅಲ್ಯೂಮಿನಿಯಂ ಕ್ಲೋರೈಡ್ ಕುಡಿಸಿದ ಇಲಿಗಳ ಅಂಗಗಳನ್ನು ನಾನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇನೆ. ಮೂತ್ರಪಿಂಡದ ನಾಳಗಳ ಒಳಗೋಡೆಯ ಜೀವಕೋಶಗಳು ಊದಿಕೊಂಡು, ಕೆಲವು ಕಳಚಿ ನಾಳದೊಳಗೇ ಬಿದ್ದಿರುತ್ತವೆ. ಯಕೃತ್ತಿನಲ್ಲಿ ಸಾಲಾಗಿರಬೇಕಾದ ಜೀವಕೋಶಗಳು ಅಸ್ತವ್ಯಸ್ತವಾಗಿ, ನಡುವೆ ಉರಿಯೂತದ ಕೋಶಗಳು ತುಂಬಿಕೊಂಡಿರುತ್ತವೆ. ಆದರೆ ಇಂತಹ ಅನೇಕ ಪ್ರಯೋಗಗಳಲ್ಲಿ ಕೊಡುವುದು ಕಿಲೋ ತೂಕಕ್ಕೆ ದಿನಕ್ಕೆ 100 ಮಿಲಿಗ್ರಾಂನಷ್ಟು, ಅದೂ ವಾರಗಟ್ಟಲೆ. ನಮ್ಮ ಮನೆಯ ಬೋಗುಣಿಯಿಂದ ಅಷ್ಟು ಇಳಿಯುವುದಿಲ್ಲವೆಂದು ಅಮ್ಮನಿಗೆ ಹೇಳಿ.

ಆಹಾರದ ಅಲ್ಯೂಮಿನಿಯಂಗೆ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2011ರಲ್ಲಿ ಇಟ್ಟ ಮಿತಿ ವಾರಕ್ಕೆ ಕಿಲೋ ತೂಕಕ್ಕೆ 2 ಮಿಲಿಗ್ರಾಂ, ಅಂದರೆ 60 ಕಿಲೋ ತೂಕದವರಿಗೆ 120 ಮಿಲಿಗ್ರಾಂ. ಆಂಟಾಸಿಡ್ಡಿನ ಒಂದೆರಡು ಹೊತ್ತಿನ ಸೇವನೆಯಲ್ಲೇ ಅಷ್ಟು ಹೊಟ್ಟೆಗೆ ಹೋಗಬಹುದು. ರಕ್ತಕ್ಕೆ ಸೇರುವುದು ಅದರಲ್ಲಿ ಅತ್ಯಲ್ಪ, ಅದನ್ನೂ ಮೂತ್ರಪಿಂಡ ಹೊರಹಾಕುತ್ತದೆ. ಆದ್ದರಿಂದಲೇ ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಮೂತ್ರಪಿಂಡ ಸೋತರೆ ಅದು ಮೂಳೆಯಲ್ಲೂ ಮಿದುಳಿನಲ್ಲೂ ಹೆಚ್ಚಾಗಿ ಉಳಿಯತೊಡಗುತ್ತದೆ. ನಿಂಬೆಯ ಸಿಟ್ರೇಟ್ ಅಲ್ಯೂಮಿನಿಯಂ ಅನ್ನು ಕರಗಿಸಿ ಹೀರಿಕೆಯನ್ನು ಹೆಚ್ಚಿಸುತ್ತದೆ, ಹಾಗಾಗಿ ಅವೆರಡೂ ಒಟ್ಟಿಗೆ ಬೇಡವೇ ಬೇಡ. 1970ರ ದಶಕದಲ್ಲಿ ಡಯಾಲಿಸಿಸ್ ನೀರಿನಲ್ಲಿದ್ದ ಅಲ್ಯೂಮಿನಿಯಂನಿಂದ ರೋಗಿಗಳ ಮಾತು ತೊದಲಿ, ನೆನಪು ಕುಂದಿ, ಮೂಳೆಗಳು ಮುರಿದದ್ದುಂಟು. ಇದನ್ನು ಹೆದರಿಸಲು ಬರೆಯುತ್ತಿಲ್ಲ. ತಮ್ಮ ಸ್ಥಿತಿ ಅದಕ್ಕೆ ಬಹಳ ದೂರವಿದೆ.

ಇಲಿಗಳನ್ನು ಹಿಂಸಿಸುತ್ತೀಯಾ ಎಂದು ಅಜ್ಜಿ ಕೇಳಿದ್ದಾರೆ. ಇಲ್ಲಿ ಬ್ರಿಟನ್ನಿನಲ್ಲಿ ಪ್ರಾಣಿಪ್ರಯೋಗದ 1986ರ ಕಾಯಿದೆಯಂತೆ ಸರ್ಕಾರದ ಪರವಾನಗಿ ಇಲ್ಲದವರು ಇಲಿಯ ಮೇಲೆ ಪ್ರಯೋಗ ಮಾಡುವಂತಿಲ್ಲ. ಅವುಗಳ ಆಟಕ್ಕೆ ರಟ್ಟಿನ ಕೊಳವೆ, ಕಚ್ಚಲು ಮರದ ತುಂಡು ಇಡುತ್ತಾರೆ. ನನ್ನ ಬಾಡಿಗೆ ಕೋಣೆಗಿಂತ ಅವುಗಳ ಕೋಣೆಯೇ ಬೆಚ್ಚಗಿದೆ! ಅಜ್ಜಿಗೆ ಅಷ್ಟನ್ನೇ ಹೇಳಿದರೆ ಸಾಕು, ಕೊನೆಯಲ್ಲಿ ಏನಾಗುತ್ತದೆಂಬುದು ಬೇಡ.

ಕ್ರಿಯಾಟಿನಿನ್ ಒಮ್ಮೆ ಏರಿದ ಮಾತ್ರಕ್ಕೆ ಮೂತ್ರಪಿಂಡ ಸೋತಿತೆಂದು ಅರ್ಥವಲ್ಲ, ಗಾಬರಿಯಾಗಬೇಡಿ. ಆದರೂ ಈ ವಾರವೇ ವೈದ್ಯರಲ್ಲಿಗೆ ಹೋಗಿ, ಬಾಟಲಿಯನ್ನೂ ಕೈಯಲ್ಲೇ ಒಯ್ದು ತೋರಿಸಿ. ಪರೀಕ್ಷೆಯ ಖರ್ಚಿಗೆ ಹಣ ಕಳುಹಿಸಿದ್ದೇನೆ, ಅದನ್ನು ತೋಟಕ್ಕೆ ಹಾಕಬೇಡಿ. ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ಚಿಂತೆ ಬೇಡ. ಅಂಚೆಗೆ ಹೊತ್ತಾಯಿತು, ಉಳಿದದ್ದು ಮುಂದಿನ ಕಾಗದದಲ್ಲಿ.

ಇಂತಿ ತಮ್ಮ ಮಗಳು,
ವಸುಧಾ