ವೀಡ್ ಕಟರ್ ಸ್ಟಾರ್ಟ್ ಆಗದಿದ್ದರೆ ಮೊದಲು ಪೆಟ್ರೋಲ್ ನೋಡಿ

ಮಾನ್ಯರೇ,

ಮುಂಗಾರಿನ ಮೊದಲ ಮಳೆಗಳು ಬಿದ್ದು ಅಡಿಕೆ ತೋಟದಲ್ಲಿ ಹುಲ್ಲು ಮೊಣಕಾಲಿಗೆ ಬರುವ ಹೊತ್ತಿಗೆ ಮಲೆನಾಡಿನ ದುರಸ್ತಿ ಅಂಗಡಿಗಳ ಮುಂದೆ ವೀಡ್ ಕಟರ್‌ಗಳು ಸಾಲುಗಟ್ಟುತ್ತವೆ. ಹಗ್ಗ ಎಳೆದು ತೋಳು ಬಿದ್ದುಹೋಯಿತು, ಸ್ಟಾರ್ಟೇ ಆಗುತ್ತಿಲ್ಲ ಎಂಬುದೇ ಎಲ್ಲರ ದೂರು. ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಬಿಡಿಭಾಗವೇ ಬೇಕಿಲ್ಲ. ಹಿಂದಿನ ಸಲ ಕೆಲಸ ಮುಗಿದ ಮೇಲೆ ಪೆಟ್ರೋಲ್ ಸಮೇತ ಮೂಲೆಗಿಟ್ಟದ್ದೇ ಕಾರಣ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ಗೆ ಶೇ 20ರವರೆಗೆ ಎಥೆನಾಲ್ ಬೆರೆಸಿರುತ್ತಾರೆ. ಅದು ಗಾಳಿಯ ತೇವ ಹೀರುತ್ತದೆ. ನೀರಿನಂಶ ಮಿತಿ ದಾಟಿದರೆ ನೀರೂ ಎಥೆನಾಲೂ ಒಟ್ಟಾಗಿ ಟ್ಯಾಂಕಿನ ತಳಕ್ಕಿಳಿಯುತ್ತವೆ. ಪೆಟ್ರೋಲ್ ಎಳೆಯುವ ಫಿಲ್ಟರ್ ಇರುವುದೂ ಅಲ್ಲೇ. ಪೆಟ್ರೋಲ್‌ಗೇ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಯಂತ್ರದಲ್ಲಿ ಇದು ಬರೀ ತೊಂದರೆಯಲ್ಲ, ಅಪಾಯ. ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲ್‌ನಲ್ಲೇ ಉಳಿಯುವುದರಿಂದ, ಎಂಜಿನ್ ಹೇಗೋ ಶುರುವಾದರೂ ಆಯಿಲ್ ಇಲ್ಲದೆ ಓಡಿ ಪಿಸ್ಟನ್ ಕಚ್ಚಿಕೊಂಡು ಸೀಜ್ ಆಗಬಹುದು. ಆದ್ದರಿಂದ ತಿಂಗಳುಗಟ್ಟಲೆ ನಿಂತ ಯಂತ್ರವಾದರೆ ಹಗ್ಗ ಎಳೆಯುವ ಮೊದಲೇ ಟ್ಯಾಂಕ್ ಖಾಲಿ ಮಾಡಿ, ಹೊಸ ಪೆಟ್ರೋಲ್ ಹಾಕಿ. ಟೂ ಸ್ಟ್ರೋಕ್‌ಗೆ ಕಂಪನಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಎಂದಿದ್ದರೆ 40 ಮಿ.ಲೀ. ಟೂಟಿ (2T) ಆಯಿಲ್ ಬೆರೆಸಿ. ಅಂದಾಜಿಗೆ ಸುರಿಯಬೇಡಿ. ಫೋರ್ ಸ್ಟ್ರೋಕ್‌ನ ಪೆಟ್ರೋಲ್‌ಗೆ ಆಯಿಲ್ ಬೆರೆಸುವಂತೆಯೇ ಇಲ್ಲ.

ಆಮೇಲೂ ಆಗದಿದ್ದರೆ ಎಂಜಿನ್ ಸ್ವಿಚ್ ಆನ್ ಇದೆಯೇ ನೋಡಿ (ನಗಬೇಡಿ, ಎಷ್ಟೋ ಯಂತ್ರ ಇಷ್ಟಕ್ಕೇ ಅಂಗಡಿಗೆ ಬರುತ್ತವೆ). ಚೋಕ್ ಹಾಕಿ ಐದಾರು ಸಲ ಹಗ್ಗ ಎಳೆದು, ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ. ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಪ್ರೈಮರ್ ಬಲ್ಬ್ (ಪೆಟ್ರೋಲ್ ಎಳೆಯಲು ಒತ್ತುವ ಮೆತ್ತನೆಯ ಗುಬ್ಬಿ) ಒತ್ತಿದಾಗ ಅದರೊಳಗೆ ಪೆಟ್ರೋಲ್ ಬಾರದೆ ಬರೀ ಗುಳ್ಳೆ ಕಂಡರೆ ಪೈಪ್ ಬಿರಿದಿರುತ್ತದೆ, ಇಲ್ಲವೇ ಟ್ಯಾಂಕಿನೊಳಗಿನ ಫಿಲ್ಟರ್ ಕಟ್ಟಿರುತ್ತದೆ. ಎರಡೂ ಸರಿಯಿದ್ದರೆ ಕಾರ್ಬೊರೇಟರ್ ಬಿಚ್ಚಿ ತೊಳೆಯಬೇಕು. ಒಳಗಿನ ಡಯಾಫ್ರಂ (ತೆಳು ಪೊರೆ) ಗಡುಸಾಗಿದ್ದರೆ ಬದಲಿಸಬೇಕು.

ಪ್ಲಗ್ ತೊಯ್ದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ಬರುತ್ತಿಲ್ಲ. ಚೋಕ್ ತೆಗೆದು, ಪ್ಲಗ್ ಇಲ್ಲದೆಯೇ ಏಳೆಂಟು ಸಲ ಎಳೆದರೆ ಒಳಗೆ ನಿಂತ ಪೆಟ್ರೋಲ್ ಹೊರಬೀಳುತ್ತದೆ. ಪ್ಲಗ್ ಒರೆಸಿ ಒಣಗಿಸಿ. ಅದರ ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ. ಇರಬೇಕು. ಕಿಡಿ ನೋಡುವ ಮೊದಲು ಚೆಲ್ಲಿದ ಪೆಟ್ರೋಲ್ ಒರೆಸಿ, ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ. ಪ್ಲಗ್‌ಗೆ ಕ್ಯಾಪ್ ಸಿಕ್ಕಿಸಿ, ಪ್ಲಗ್ ತೂತಿನಿಂದ ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಗ್ಗ ಎಳೆಯಿರಿ. ನೀಲಿ ಕಿಡಿ ಬಂದರೆ ಸರಿ. ಬಾರದಿದ್ದರೆ ತಕ್ಷಣ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಬದಲಿಸಲು ಹೋಗಬೇಡಿ. ಹ್ಯಾಂಡಲ್‌ನಿಂದ ಬರುವ ಸ್ವಿಚ್ ವೈರ್ ಉಜ್ಜಿ ಉಜ್ಜಿ ಸಿಪ್ಪೆ ಹೋಗಿ ಲೋಹಕ್ಕೆ ತಾಗುತ್ತಿರುತ್ತದೆ. ಅದನ್ನು ಎಂಜಿನ್ ಬಳಿ ಬಿಡಿಸಿ ಮತ್ತೆ ಪರೀಕ್ಷಿಸಿ. ಕಿಡಿ ಬಂದರೆ ತಪ್ಪು ಆ ವೈರ್ ಅಥವಾ ಸ್ವಿಚ್‌ನದು, ಕಾಯಿಲ್ ಖರ್ಚು ಉಳಿಯಿತು. ವೈರ್ ಬಿಡಿಸಿಟ್ಟು ಮಾತ್ರ ಕೆಲಸಕ್ಕೆ ಹೋಗಕೂಡದು. ಆಗ ಸ್ವಿಚ್ ಒತ್ತಿದರೂ ಎಂಜಿನ್ ನಿಲ್ಲುವುದಿಲ್ಲ.

ಕಿಡಿ, ಪೆಟ್ರೋಲ್ ಎರಡೂ ಇದ್ದು ಎಂಜಿನ್ ಶುರುವಾಗಿ ಆರಿಹೋಗುತ್ತಿದ್ದರೆ ಏರ್ ಫಿಲ್ಟರ್ ಮತ್ತು ಸೈಲೆನ್ಸರ್ ಬಾಯಿ ನೋಡಿ. ಮಸಿ ಕಟ್ಟಿರುತ್ತದೆ, ಕೆಲವೊಮ್ಮೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿರುವುದೂ ಉಂಟು.

ಸರ್ಕಾರದ ಸಹಾಯಧನದಲ್ಲಿ ಸಿಗುವ ಎಷ್ಟೋ ಯಂತ್ರಗಳ ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ. ಆಯಿಲ್ ಎಷ್ಟು ಬೆರೆಸಬೇಕು, ಎತ್ತಿಡುವ ಮುನ್ನ ಟ್ಯಾಂಕ್ ಖಾಲಿ ಮಾಡಿ ಎಂಜಿನ್ ತಾನಾಗಿ ಆರುವವರೆಗೆ ಓಡಿಸಬೇಕು ಎಂಬೆರಡು ಮಾತನ್ನಾದರೂ ಕನ್ನಡದಲ್ಲಿ ಅಚ್ಚು ಹಾಕಿ ಟ್ಯಾಂಕಿನ ಮೇಲೆ ಅಂಟಿಸಿಯೇ ಮಾರಬೇಕೆಂದು ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳು ಮಾರಾಟಗಾರರಿಗೆ ಷರತ್ತು ಹಾಕಲಿ.

– ಓರ್ವ ಯಂತ್ರ ದುರಸ್ತಿಗಾರ, ತೀರ್ಥಹಳ್ಳಿ