ಬೋನಾಳಕ್ಕೆ ಬಂದವರು ರಾಜನಕೋಳೂರನ್ನೂ ನೋಡಲಿ

ಮಾನ್ಯರೇ,

ಯಾದಗಿರಿ ಜಿಲ್ಲೆಯ ಬೋನಾಳ ಪಕ್ಷಿಧಾಮಕ್ಕೆ ಬರುವ ಹೆಚ್ಚಿನವರು ಹಕ್ಕಿ ನೋಡಿ ಹಾಗೆಯೇ ಮರಳುತ್ತಾರೆ. ಅದೇ ಸೀಮೆಯ ರಾಜನಕೋಳೂರಿನಂಥ ಪುರಾತನ ನೆಲೆಗಳು ಅವರ ಗಮನಕ್ಕೇ ಬರುವುದಿಲ್ಲ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಬೆಳಗಿನ ಹೊತ್ತು ಹೊಲಗಳಿಂದ ಕೆರೆಗೆ ಸಾಲುಗಟ್ಟಿ ಇಳಿಯುವುದನ್ನು ಒಮ್ಮೆ ಕಂಡವರು ಮರೆಯಲಾರರು. ಆದರೆ ಕಳೆದ ಚಳಿಗಾಲದಲ್ಲಿ ಮಕ್ಕಳೊಂದಿಗೆ ಹೋದಾಗ, ರಾಜನಕೋಳೂರಿಗೆ ದಾರಿ ಯಾವುದೆಂದು ಕೇಳಿದರೆ ಹೇಳುವವರು ಸಿಗಲಿಲ್ಲ. ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಅಲ್ಲಿನ ಶಿಲಾಸಮಾಧಿಗಳನ್ನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1850ರ ದಶಕದಲ್ಲೇ ದಾಖಲಿಸಿದ್ದರು. ಆತ ವಾಸವಿದ್ದ ಬಂಗಲೆ ಸುರಪುರದ ಗುಡ್ಡದ ಮೇಲಿದೆ. ನಮ್ಮ ಮಕ್ಕಳು ಹಂಪಿ, ಬಾದಾಮಿಯನ್ನು ಪಠ್ಯದಲ್ಲಿ ಓದುತ್ತಾರೆ. ಮನೆಯಂಗಳದ ಇತಿಹಾಸವೇ ಅವರಿಗೆ ಅಪರಿಚಿತ.

ಅರಣ್ಯ, ಪ್ರವಾಸೋದ್ಯಮ ಮತ್ತು ಪುರಾತತ್ವ ಇಲಾಖೆಗಳು ಕೂಡಿ ಕೆರೆದಂಡೆಯಲ್ಲಿ ಕನ್ನಡದ ನಕ್ಷೆಯೊಂದನ್ನು ಹಾಕಲಿ. ನವೆಂಬರ್‌ನಿಂದ ಫೆಬ್ರುವರಿವರೆಗೆ ಭಾನುವಾರಗಳಂದು ಸುರಪುರದಿಂದ ಬೋನಾಳ, ರಾಜನಕೋಳೂರಿಗೆ ಒಂದು ಬಸ್ ಓಡಲಿ. ಆಯಾ ಊರಿನ ಯುವಕ ಯುವತಿಯರಿಗೇ ತರಬೇತಿ ನೀಡಿ ಮಾರ್ಗದರ್ಶಕರನ್ನಾಗಿ ನೇಮಿಸಲಿ. ಹಕ್ಕಿಗಳು ಬೆದರದಷ್ಟು ದೂರದಲ್ಲಿ ಜನರನ್ನು ನಿಲ್ಲಿಸುವ ಹೊಣೆಯನ್ನೂ ಅವರಿಗೇ ವಹಿಸಬಹುದು.

– ಓರ್ವ ಶಿಕ್ಷಕಿ, ಹುಣಸಗಿ